ಜಗಲಿ ಮೇಲೆ ಕೂತು ಬಂದವರು

ಜರ್ಮನಿಯಿಂದ ವಾಪಸ್ ಬಂದ ಮೇಲೆ ಹಾಸ್ಟೆಲ್‌ನಲ್ಲಿ ನನಗೆ 'ಜರ್ಮನಿ' ಅಂತಲೇ ಅಡ್ಡಹೆಸರು ಬಿತ್ತು. ತಪ್ಪು ನನ್ನದೇ. 2024ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಎಕ್ಸ್‌ಚೇಂಜ್ ಸೆಮಿಸ್ಟರ್ ಅಂತ ಆರು ತಿಂಗಳು ಸ್ಟುಟ್‌ಗಾರ್ಟ್‌ನಲ್ಲಿದ್ದು ಬಂದವನು, ಬಾಯಿ ಬಿಟ್ಟರೆ "ಅಲ್ಲಿ ಹಂಗಲ್ಲ ಗುರು, ಬಸ್ಸು 7.42ಕ್ಕೆ ಅಂದ್ರೆ 7.42ಕ್ಕೇ ಬರುತ್ತೆ" ಅಂತ ಶುರು ಮಾಡುತ್ತಿದ್ದೆ. ಅಲ್ಲಿನ ರೈಲುಗಳು ನಮ್ಮವಷ್ಟೇ ಲೇಟು ಅನ್ನೋದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಪ್ರೀತಿ ಅಂದರೆ ಹಾಗೇ ತಾನೆ, ಬೇಡದ್ದನ್ನು ಬಿಟ್ಟು ಹೇಳುವುದು.

ದಸರಾ ರಜೆಗೆ ಊರಿಗೆ ಹೋದೆ. ನಮ್ಮೂರು ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ. 'ಮೈಸೂರು ಮಲ್ಲಿಗೆ'ಯ ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ ಕಡೆ ಬಂದರೆ ನಮ್ಮೂರೂ ಸಿಗುತ್ತದೆ. ಅಲ್ಲೂ ನನ್ನ ಪುರಾಣ ಶುರುವಾಯಿತು. ಕಾಡು, ನದಿ, ಸ್ವಚ್ಛ ರಸ್ತೆ, ರಾತ್ರಿ ಒಂಬತ್ತೂವರೆಗೆ ಮುಳುಗುವ ಸೂರ್ಯ. "ಆ ದೇಶ ಅಂದ್ರೆ ನಂಗೆ ಪ್ರಾಣ ಅಜ್ಜಿ" ಅಂದೆ. ಅಜ್ಜಿ ಅವರೆಬಳ್ಳಿಗೆ ಕಡ್ಡಿ ಊರುತ್ತಾ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಅಲ್ಲ ಕಣ್ಲಾ ಮಗ, ಆರ್ ತಿಂಗ್ಳು ಇದ್ಯಲ್ಲ, ಔರ ಮಾತು ಬತ್ತದಾ?"

"ವಸಿ ವಸಿ ಬರ್ತದೆ. ಅಲ್ಲಿ ಎಲ್ಲಾ ಇಂಗ್ಲಿಷಲ್ಲೇ ನಡೀತದೆ ಅಜ್ಜಿ."

"ಅಂಗಾರೆ ನೆಂಟ್ರ ಮನೆಗೋಗಿ ಜಗ್ಲಿ ಮ್ಯಾಲೇ ಕುಂತಿದ್ದು ಬಂದೆ ಅನ್ನು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಕಾಲೇಜಿಗೆ ವಾಪಸ್ ಬಂದ ಮೇಲೂ ಆ ಮಾತು ಬಿಡಲಿಲ್ಲ. ಒಂದು ದೇಶದಲ್ಲಿದ್ದು ಬಂದು ಅದನ್ನು ಪ್ರೀತಿಸುತ್ತೇನೆ ಅಂತ ಹೇಳುವವನು ಅಲ್ಲಿನ ಭಾಷೆ ಕಲಿಯದೇ ಹಾಗೆ ಹೇಳಬಹುದಾ? ಹೇಳಬಾರದು ಅಂತಲೇ ಈಗ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳೋದಕ್ಕೇ ಈ ಲೇಖನ. ಮುಂದಿನ ವರ್ಷ ಎಂ.ಎಸ್.ಗೆ ಅಂತ ಹೊರಡುವವರು, ಬೇರೆ ರಾಜ್ಯದಿಂದ ನಮ್ಮ ಕ್ಯಾಂಪಸ್ಸಿಗೆ ಬಂದವರು, ಅವರ ಪಕ್ಕದ ಮಂಚದಲ್ಲಿ ಮಲಗುವ ಕನ್ನಡದವರು, ಮೂರು ಜನಕ್ಕೂ ಇದು ಸಂಬಂಧಪಟ್ಟ ವಿಷಯ.

ಅಜ್ಜಿ ಸುಮ್ಮನೆ ಕುಟುಕಿದ್ದಲ್ಲ, ಅದಕ್ಕೊಂದು ಹಿನ್ನೆಲೆ ಇದೆ. ನಮ್ಮೂರಲ್ಲಿ ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಸ್ಥಾನ ಇದೆ. ಸುಮಾರು 1238ರ ಹೊತ್ತಿನದು, ವೀರ ಸೋಮೇಶ್ವರನ ಕಾಲದ್ದು. ಐದು ಗರ್ಭಗುಡಿ ಸಾಲಾಗಿರುವ ಪಂಚಕೂಟ. ಹೊಯ್ಸಳ ದೇವಾಲಯಗಳಲ್ಲೇ ಇಂಥದ್ದು ಅಪರೂಪ. ರೂವಾರಿ ಮಲ್ಲಿತಮ್ಮ ಇಲ್ಲಿ ಕೆಲಸ ಮಾಡಿದ್ದಾನೆ. ಬೇಲೂರು, ಹಳೇಬೀಡಿನಷ್ಟು ಜನ ಬರುವುದಿಲ್ಲ. ಆದರೂ ಆಗಾಗ ಕಾರು ಮಾಡಿಕೊಂಡು ವಿದೇಶದವರು ಬರುತ್ತಾರೆ. ಚಿಕ್ಕವರಿದ್ದಾಗ ನಾವು ಅವರ ಹಿಂದೆ ಹಿಂದೆ ಓಡುತ್ತಿದ್ದೆವು. ಅವರು ಫೋಟೋ ತೆಗೆದುಕೊಂಡು, ನಮಗೊಂದು ನಗು ಕೊಟ್ಟು, ಹೊರಟುಬಿಡುತ್ತಿದ್ದರು. ಅಷ್ಟೂ ಜನರಲ್ಲಿ ಅಜ್ಜಿಗೆ ಇವತ್ತಿಗೂ ನೆನಪಿರುವುದು ಒಬ್ಬ ಹೆಂಗಸು ಮಾತ್ರ. ಆಕೆ ನಮ್ಮ ಮನೆ ಮುಂದೆ ನಿಂತು, ಮುರುಕು ಕನ್ನಡದಲ್ಲಿ "ನೀರು ಕೊಡ್ತೀರಾ ಅಮ್ಮ?" ಅಂತ ಕೇಳಿದ್ದಳಂತೆ. ಅಜ್ಜಿ ನೀರಿನ ಬದಲು ಮಜ್ಜಿಗೆ ಕೊಟ್ಟು, ಒಳಗೆ ಕರೆದು ಕೂರಿಸಿ, ಅರ್ಧ ಗಂಟೆ ಮಾತಾಡಿದರಂತೆ. ಏನು ಮಾತಾಡಿದರೋ ದೇವರಿಗೇ ಗೊತ್ತು. "ಆ ಬಿಳೀ ಹೆಣ್ಮಗು ನಮ್ ಭಾಷೆ ಆಡ್ತು ಕಣಪ್ಪ" ಅಂತ ಈಗಲೂ ಹೇಳುತ್ತಾರೆ. ಉಳಿದವರು ಎಷ್ಟೇ ಒಳ್ಳೆಯವರಾಗಿದ್ದರೂ ಅಜ್ಜಿಯ ಲೆಕ್ಕದಲ್ಲಿ ಜಗಲಿಯವರು. ಆಕೆ ಒಳಗೆ ಬಂದವಳು. ಮೊಮ್ಮಗನನ್ನೂ ಅದೇ ಅಳತೆಗೋಲಲ್ಲಿ ಅಳೆದರು ಅಷ್ಟೇ.

ಇನ್ನು ನನ್ನ ಆರು ತಿಂಗಳ ಕಥೆ. ಮೊದಲ ನಾಲ್ಕು ತಿಂಗಳು ನಾನು ಇದ್ದದ್ದು ಸ್ಟುಟ್‌ಗಾರ್ಟ್‌ನಲ್ಲಿ ಅನ್ನುವುದಕ್ಕಿಂತ ಇಂಗ್ಲಿಷಿನಲ್ಲಿ ಅನ್ನಬಹುದು. ಕ್ಲಾಸು ಇಂಗ್ಲಿಷಲ್ಲಿ, ಪ್ರಾಜೆಕ್ಟು ಇಂಗ್ಲಿಷಲ್ಲಿ. ರೂಮಿನಲ್ಲಿ ನಮ್ಮವರೇ, ಅಡುಗೆ ನಮ್ಮದೇ, ವಾರದ ಕೊನೆಗೆ ಸಿನಿಮಾನೂ ನಮ್ಮದೇ. ಹೋಗುವ ಮುಂಚೆ ಎ1 ಪಾಸು ಮಾಡಿದ್ದೆ. ಅದು ಕಲಿತದ್ದು ಫಾರಂ ತುಂಬಲಿಕ್ಕೆ, ಮಾತಾಡಲಿಕ್ಕಲ್ಲ. ಹೋದ ಹೊಸದರಲ್ಲಿ ಒಂದು ಬೇಕರಿಗೆ ಹೋಗಿ, ಮನಸ್ಸಲ್ಲೇ ನಾಲ್ಕು ಸಲ ವಾಕ್ಯ ಜೋಡಿಸಿಕೊಂಡು, ಎರಡು ಬ್ರೆಟ್ಸೆಲ್ ಬೇಕು ಅಂತ ಜರ್ಮನ್‌ನಲ್ಲಿ ಕೇಳಿದೆ. ಅಂಗಡಿಯಾಕೆ ನನ್ನ ಮುಖ ನೋಡಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಅವಳದು ಉಪಕಾರವೇ, ಹಿಂದೆ ಕ್ಯೂ ಬೇರೆ ಇತ್ತು. ನನಗೂ ನಿರಾಳ ಅನ್ನಿಸಿತು. ಜೊತೆಗೇ ಏನೋ ಒಂದು ಬಾಗಿಲು ಮೆಲ್ಲಗೆ ಮುಚ್ಚಿದ ಹಾಗೂ ಅನ್ನಿಸಿತು. ಅವತ್ತಿನಿಂದ ನಾನು ಜರ್ಮನ್‌ನಲ್ಲಿ ಕೇಳುವುದನ್ನೇ ಬಿಟ್ಟೆ.

ಬಾಗಿಲು ಮತ್ತೆ ತೆಗೆದವರು ನಮ್ಮ ಹಾಸ್ಟೆಲ್ಲಿನ ಹೌಸ್‌ಮೈಸ್ಟರ್. ಹೌಸ್‌ಮೈಸ್ಟರ್ ಅಂದರೆ ಕಟ್ಟಡ ನೋಡಿಕೊಳ್ಳುವವರು. ನಲ್ಲಿ, ಬೀಗ, ಬಲ್ಬು, ಕಸ ಎಲ್ಲ ಅವರದೇ ಜವಾಬ್ದಾರಿ. ಅರವತ್ತರ ಹತ್ತಿರದ ಆಸಾಮಿ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಬರಿಸಿಕೊಳ್ಳುವ ಇರಾದೆಯೂ ಇರಲಿಲ್ಲ. ನನ್ನ ರೂಮಿನ ಕಿಟಕಿ ಮುಚ್ಚಿಕೊಳ್ಳದೇ ಇದ್ದಾಗ ಬೇರೆ ದಾರಿಯಿಲ್ಲದೆ ಅವರ ಹತ್ತಿರ ಜರ್ಮನ್‌ನಲ್ಲೇ ಗೋಗರೆದೆ. ಅವರು ತಿದ್ದಿದರು. ಮತ್ತೆ ಹೇಳಿದೆ. ಮತ್ತೆ ತಿದ್ದಿದರು. ಕಿಟಕಿ ಸರಿಹೋಗುವಷ್ಟರಲ್ಲಿ ಕಿಟಕಿಯ ಏಳು ಭಾಗಗಳ ಹೆಸರು ಕಲಿತಿದ್ದೆ.

ಆಮೇಲಿನ ಎರಡು ತಿಂಗಳು ಸಂಜೆ ಹೊತ್ತು ಅವರ ಜೊತೆ ಹತ್ತು ನಿಮಿಷ ಮಾತಾಡುವುದು ರೂಢಿಯಾಯಿತು. ಅವರಿಂದ ಕಲಿತ ಒಂದು ಪದದ ಬಗ್ಗೆ ಹೇಳಬೇಕು: 'ಫೈಯರ್‌ಆಬೆಂಟ್'. ದಿನದ ಕೆಲಸ ಮುಗಿಯುವ ಹೊತ್ತಿಗೆ ಜರ್ಮನ್ನರು ಒಬ್ಬರಿಗೊಬ್ಬರು ಒಳ್ಳೆಯ ಫೈಯರ್‌ಆಬೆಂಟ್ ಹಾರೈಸಿ ಹೊರಡುತ್ತಾರೆ. ಪದ ಬಿಡಿಸಿದರೆ ಒಂದು ಕಡೆ ಹಬ್ಬ, ಇನ್ನೊಂದು ಕಡೆ ಸಂಜೆ. ಅಂದರೆ ಕೆಲಸ ಮುಗಿದ ಪ್ರತಿ ಸಂಜೆಯೂ ಅವರಿಗೆ ಒಂದು ಸಣ್ಣ ಹಬ್ಬ. ಇದು ಗೊತ್ತಾಗುವ ತನಕ ನಾನು ಲ್ಯಾಬಿನವರ ಮೇಲೆ ಒಳಗೊಳಗೇ ಸಿಟ್ಟಾಗಿದ್ದೆ. ಐದು ಗಂಟೆ ಆಯಿತೋ ಇಲ್ಲವೋ, ಸಿಮ್ಯುಲೇಶನ್ ಅರ್ಧದಲ್ಲಿದ್ದರೂ ಎದ್ದು ಹೊರಡುತ್ತಾರೆ. ಎಂಥ ತಣ್ಣಗಿನ ಜನ, ಮನುಷ್ಯರ ಬಗ್ಗೆ ಅಕ್ಕರೆಯೇ ಇಲ್ಲ ಅಂದುಕೊಂಡಿದ್ದೆ. ಅವರು ನನ್ನನ್ನು ತಳ್ಳಿ ಹೋಗುತ್ತಿರಲಿಲ್ಲ, ತಮ್ಮ ಹಬ್ಬಕ್ಕೆ ಹೋಗುತ್ತಿದ್ದರು. "ನಿನ್ನದೂ ಒಳ್ಳೆಯದಾಗಲಿ" ಅಂತ ನನಗೂ ಹಾರೈಸಿಯೇ ಹೋಗುತ್ತಿದ್ದರು. ನಾನು ಅದನ್ನು ಬರೀ 'ಬೈ' ಅಂದುಕೊಂಡಿದ್ದೆ.

ಭಾಷೆ ಗೊತ್ತಿಲ್ಲದೆ ಒಂದು ದೇಶವನ್ನು ಪ್ರೀತಿಸಬಹುದು ಅನ್ನುವವರಿಗೆ ನನ್ನ ಮೊದಲ ಉತ್ತರ ಇದೇ. ಭಾಷೆ ಗೊತ್ತಿಲ್ಲದಿದ್ದರೆ ನಾವು ಪ್ರೀತಿಸುವುದು ಅಲ್ಲಿನ ರಸ್ತೆ, ಹವೆ, ಮರಗಳನ್ನು. ಜನರ ವಿಷಯದಲ್ಲಿ ಊಹೆ ಮಾಡುತ್ತಿರುತ್ತೇವೆ, ಮತ್ತು ಹೆಚ್ಚಾಗಿ ತಪ್ಪು ಊಹೆ.

ಇನ್ನೂ ಒಂದು ತಮಾಷೆ ನೋಡಿ. ಸ್ಟುಟ್‌ಗಾರ್ಟ್ ಕಡೆಯವರು ಆಡುವುದು ಪುಸ್ತಕದ ಜರ್ಮನ್ ಅಲ್ಲ, ಶ್ವಾಬಿಶ್ ಅನ್ನುವ ಒಳನುಡಿ. ಪುಸ್ತಕದಲ್ಲಿ 'ಸ್ವಲ್ಪ' ಅನ್ನಲಿಕ್ಕೆ 'ಬಿಸ್ಶೆನ್' ಅಂತ ಇದ್ದರೆ ಇವರು 'ಬಿಸ್ಲೆ' ಅನ್ನುತ್ತಾರೆ. ಮನೆಗೆ 'ಹೌಸ್' ಅನ್ನೋದನ್ನು ಮುದ್ದಾಗಿ 'ಹೊಯ್ಸ್‌ಲೆ' ಮಾಡುತ್ತಾರೆ. ಹೌಸ್‌ಮೈಸ್ಟರ್ ಮಾತಿಗೆ ಮಾತಿಗೆ 'ಬಿಸ್ಲೆ, ಬಿಸ್ಲೆ' ಅನ್ನುವಾಗ ನನಗೆ ಊರಿನ 'ವಸಿ, ವಸಿ' ಕೇಳಿಸುತ್ತಿತ್ತು. ಬೆಂಗಳೂರಿನಲ್ಲಿ ಪಿಯುಸಿ ಓದುವಾಗ 'ವಸಿ' ಅಂದಿದ್ದಕ್ಕೆ ಕ್ಲಾಸಿನಲ್ಲಿ ನಕ್ಕಿದ್ದರು. ಆಮೇಲೆ ನಾನು 'ಸ್ವಲ್ಪ' ಅನ್ನೋದು ಕಲಿತೆ. ಆದರೆ ಇವರು? ಇವರ ರಾಜ್ಯ ಬಾಡೆನ್-ವ್ಯುರ್ಟೆಂಬೆರ್ಗ್ ತನ್ನ ಬಗ್ಗೆ ತಾನೇ ವರ್ಷಗಟ್ಟಲೆ ಜಾಹೀರಾತು ಮಾಡಿಕೊಂಡದ್ದು ಹೀಗೆ: ನಮಗೆ ಎಲ್ಲಾ ಬರುತ್ತೆ, ಶಿಷ್ಟ ಜರ್ಮನ್ ಒಂದು ಬಿಟ್ಟು! ಬಾಷ್, ಮರ್ಸಿಡಿಸ್ ಕಟ್ಟಿದ ಊರಿನವರು ತಮ್ಮ ಹಳ್ಳಿ ಮಾತನ್ನು ಪದಕದ ಹಾಗೆ ಎದೆಗೆ ಹಾಕಿಕೊಂಡಿದ್ದಾರೆ. ನನ್ನ ಮಂಡ್ಯದ ಮಾತು ನನಗೆ ವಾಪಸ್ ಸಿಕ್ಕಿದ್ದು ಅಲ್ಲಿ. ಬೇರೆಯವರ ಭಾಷೆ ಕಲಿತರೆ ನಮ್ಮದು ಮರೆಯುತ್ತೆ ಅಂತ ಹೆದರುವವರು ಇದನ್ನು ಗಮನಿಸಬೇಕು.

ಹಾಗೆ ನೋಡಿದರೆ ಕನ್ನಡದವರಿಗೆ ಜರ್ಮನ್ ತೀರಾ ಅಪರಿಚಿತ ಅಲ್ಲ. ಇಂಗ್ಲಿಷಿನಲ್ಲಿಲ್ಲದ ನೀನು-ನೀವು ವ್ಯತ್ಯಾಸ ಅಲ್ಲಿದೆ: 'ದು' ಮತ್ತು 'ಜೀ'. ಯಾರನ್ನು ಯಾವಾಗ ಏಕವಚನದಲ್ಲಿ ಮಾತಾಡಿಸಬೇಕು ಅನ್ನುವ ಅಳುಕು ನಮಗೆ ಹುಟ್ಟಿನಿಂದಲೇ ಇದೆ. ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಮೆರಿಕದ ಸಹಪಾಠಿ ಅದಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಾಗ ನನಗೆ ಮನೆಗೆ ಬಂದಷ್ಟು ಖುಷಿ. ಏಪ್ರಿಲ್‌ನಿಂದ ಜೂನ್ 24ರವರೆಗೆ ಷ್ಪಾರ್ಗೆಲ್ ಅನ್ನುವ ಬಿಳಿ ಶತಾವರಿ ಕಾಲ. ಮಾರ್ಕೆಟ್ಟು, ಹೋಟೆಲು ಎಲ್ಲ ಕಡೆ ಅದೇ, ಬಾಯಲ್ಲೂ ಅದೇ ಮಾತು. ನಮ್ಮಲ್ಲಿ ಡಿಸೆಂಬರ್, ಜನವರಿಯ ಸೊಗಡವರೆ ಥರಾನೇ.

ಕೊನೆಯ ತಿಂಗಳಲ್ಲಿ ಒಂದು ಭಾನುವಾರ, 49 ಯೂರೋ ಟಿಕೆಟ್ಟಿನಲ್ಲಿ ಟ್ಯೂಬಿಂಗೆನ್‌ಗೆ ಹೋದೆ. ಸ್ಟುಟ್‌ಗಾರ್ಟ್‌ನಿಂದ ಪ್ಯಾಸೆಂಜರ್ ರೈಲಿನಲ್ಲಿ ಸುಮಾರು ಒಂದು ಗಂಟೆ. ಅದೇ ನೆಕರ್ ನದಿ, ದಡದಲ್ಲಿ ಹಳೇ ಮನೆಗಳು, ಹಳೇ ವಿಶ್ವವಿದ್ಯಾಲಯ. ಹೋಗುವಾಗ ನನಗೆ ಗೊತ್ತಿದ್ದದ್ದು ಅದು ಕಿಟೆಲ್ ತೀರಿಕೊಂಡ ಊರು ಅನ್ನೋದಷ್ಟೇ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ಇದೆ, ಎಷ್ಟು ಸಲ ಅದರ ಪಕ್ಕದಲ್ಲೇ ಮೆಟ್ರೋ ಹತ್ತಿದ್ದೀವೋ. ಹೆಸರು ಎಲ್ಲರಿಗೂ ಗೊತ್ತು. ಆದರೆ ತಾರೀಖುಗಳನ್ನು ಒಂದರ ಪಕ್ಕ ಒಂದಿಟ್ಟು ಯಾರೂ ನೋಡಿರುವುದಿಲ್ಲ. ನಾನು ನದಿ ದಡದಲ್ಲಿ ಕೂತು ನೋಡಿದೆ.

ಫರ್ಡಿನಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯಲ್ಲಿ. ಬಾಸೆಲ್ ಮಿಶನ್‌ನಿಂದ ಪಾದ್ರಿಯಾಗಿ 1853ರಲ್ಲಿ ಇಲ್ಲಿಗೆ ಬಂದರು, ಅಂದರೆ 21ನೇ ವಯಸ್ಸಿಗೆ, ನಮ್ಮ ಫೈನಲ್ ಇಯರ್ ವಯಸ್ಸು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಓಡಾಡುತ್ತಾ ಕನ್ನಡ ಕಲಿತರು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಿಂದ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಹಳಗನ್ನಡ ಕಾವ್ಯಗಳ ಪದಗಳ ಜೊತೆಗೆ ಜನ ಆಡುವ ಮಾತು, ಗಾದೆಗಳೂ ಅದರಲ್ಲಿವೆ. ಇಷ್ಟು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಮುಂದಿನದು. ಅವರು ಕೊನೆಯ ಸಲ ಇಲ್ಲಿಂದ ಹೊರಟದ್ದು 1892ರಲ್ಲಿ. ಸತ್ತದ್ದು 1903ರ ಡಿಸೆಂಬರ್‌ನಲ್ಲಿ. ಅವರ ದೊಡ್ಡ ಕನ್ನಡ ವ್ಯಾಕರಣ ಗ್ರಂಥ ಪ್ರಕಟವಾದದ್ದೂ 1903ರಲ್ಲೇ. ಅಂದರೆ ಊರಿಗೆ ಹೋದ ಮೇಲೂ, ಸುತ್ತಲೂ ಒಂದು ಕನ್ನಡದ ಪ್ರಾಣಿ ಇಲ್ಲದ ಜಾಗದಲ್ಲಿ ಕೂತು, ಹನ್ನೊಂದು ವರ್ಷ ಆ ಮನುಷ್ಯ ಕನ್ನಡದ ಕೆಲಸ ಬಿಡಲಿಲ್ಲ. ಅವರು ಬಿಟ್ಟುಬಂದ ದೇಶದ ಮೇಲಿನ ಪ್ರೀತಿ ಫೋಟೋ ಆಲ್ಬಂನಲ್ಲಿ ಇರಲಿಲ್ಲ. ಸಂಧಿ, ಸಮಾಸ, ವಿಭಕ್ತಿ ಪ್ರತ್ಯಯಗಳಲ್ಲಿತ್ತು. ಅದೇ ನೆಕರ್ ದಡದಲ್ಲಿ ಕೂತಿದ್ದ ನಾನು ಆರು ತಿಂಗಳಲ್ಲಿ ಕಲಿತದ್ದು ಕಿಟಕಿಯ ಏಳು ಭಾಗ.

ಇಲ್ಲಿ ಒಂದು ತಕರಾರು ಬಂದೇ ಬರುತ್ತದೆ. ನಮ್ಮ ಕ್ಲಬ್ಬಿನ ಮೀಟಿಂಗಿನಲ್ಲೇ ಒಬ್ಬ ಎತ್ತಿದ: "ಕಿಟೆಲ್ ಬಂದದ್ದು ಮತ ಪ್ರಚಾರಕ್ಕೆ. ಅವರಿಗೆ ಕನ್ನಡ ಒಂದು ಸಾಧನ. ಅದನ್ನು ಪ್ರೀತಿ ಅಂತೀಯಾ?" ನ್ಯಾಯವಾದ ಪ್ರಶ್ನೆ. ಬಂದ ಕಾರಣ ಅದೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಮತ ಪ್ರಚಾರಕ್ಕೆ 70,000 ಪದ ಬೇಕಾಗುವುದಿಲ್ಲ, ಛಂದಸ್ಸಿನ ಗ್ರಂಥವಂತೂ ಬೇಡವೇ ಬೇಡ. ಎಲ್ಲೋ ಒಂದು ಕಡೆ ಸಾಧನವೇ ಗುರಿಯಾಗಿಬಿಟ್ಟಿತು. ನಾವೂ ಒಂದು ಕಾರಣಕ್ಕೇ ಹೋಗುತ್ತೇವೆ: ಡಿಗ್ರಿ, ಕೆಲಸ, ಸಂಬಳ. ಕಾರಣ ಏನು ಅನ್ನುವುದಕ್ಕಿಂತ ಆ ಕಾರಣ ತೀರಿದ ಮೇಲೆ ಏನು ಉಳಿಯಿತು ಅನ್ನುವುದು ಮುಖ್ಯ.

ಇನ್ನೊಬ್ಬರು ಬಿ.ಎಲ್. ರೈಸ್. ಇವರ ಕಥೆ ಸ್ವಲ್ಪ ಬೇರೆ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಪಾದ್ರಿಯ ಮಗ. ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆ, ಆಮೇಲೆ ಪುರಾತತ್ವ ಇಲಾಖೆ. ಹಳ್ಳಿ ಹಳ್ಳಿಯ ಶಾಸನಗಳನ್ನು ಓದಿಸಿ, ಸುಮಾರು 9,000 ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ತಂದರು. ನಮ್ಮ ಕೃಷ್ಣರಾಜಪೇಟೆ, ಪಕ್ಕದ ನಾಗಮಂಗಲ ತಾಲ್ಲೂಕುಗಳ ಶಾಸನಗಳಿರುವ ನಾಲ್ಕನೇ ಸಂಪುಟ ಬಂದದ್ದು 1898ರಲ್ಲಿ. ಒಬ್ಬರೇ ಮಾಡಿದ ಕೆಲಸ ಅಲ್ಲ. ರಾ. ನರಸಿಂಹಾಚಾರ್ಯರಂಥ ವಿದ್ವಾಂಸರು ಅವರ ಸಹಾಯಕರಾಗಿದ್ದರು, 1906ರಲ್ಲಿ ರೈಸ್ ನಿವೃತ್ತರಾದಾಗ ಅದೇ ಸ್ಥಾನಕ್ಕೆ ಬಂದವರೂ ಅವರೇ. ಕಿಟೆಲ್ ಹಿಂದೆಯೂ ಇಲ್ಲಿನ ಪಂಡಿತರಿದ್ದರು. ಅಂದರೆ ಹೊರಗಿನಿಂದ ಬಂದವರು ಭಾಷೆ ಕಲಿಯಬೇಕಾದರೆ ಒಳಗಿನವರು ಹೇಳಿಕೊಡಬೇಕು. ಈ ಮಾತನ್ನು ಮನಸ್ಸಲ್ಲಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಮೂರನೆಯವನ ಹೆಸರು ಜೇಮ್ಸ್ ಸ್ಕರಿ. ಇವನದು ಉಲ್ಟಾ ಉದಾಹರಣೆ, ಜಾಗ ನಮ್ಮ ಶ್ರೀರಂಗಪಟ್ಟಣ. ಹುಡುಗನಾಗಿದ್ದಾಗಲೇ ಹಡಗಿನಲ್ಲಿ ಫ್ರೆಂಚರ ಕೈಗೆ ಸಿಕ್ಕು, ಅಲ್ಲಿಂದ ಹೈದರಾಲಿಯ ವಶಕ್ಕೆ ಬಂದು, ಸುಮಾರು ಹತ್ತು ವರ್ಷ ಸೆರೆಯಲ್ಲಿದ್ದವನು. ತಪ್ಪಿಸಿಕೊಂಡು ಇಂಗ್ಲೆಂಡಿಗೆ ಹೋದಾಗ ಅವನಿಗೆ ಕುರ್ಚಿಯ ಮೇಲೆ ಕೂರುವುದು ಕಷ್ಟವಾಯಿತು, ಚಾಕು, ಫೋರ್ಕ್ ಹಿಡಿಯುವುದು ಮರೆತಿತ್ತು, ಸ್ವಂತ ಇಂಗ್ಲಿಷೇ ತೊದಲುತ್ತಿತ್ತು. ಅವನ ಅನುಭವದ ಪುಸ್ತಕ 1824ರಲ್ಲಿ ಪ್ರಕಟವಾಯಿತು. ಈ ನೆಲ ಅವನ ಮೈಯೊಳಗೆ ಅಷ್ಟು ಇಳಿದಿತ್ತು. ಇದನ್ನು ಪ್ರೀತಿ ಅನ್ನಲಾಗುತ್ತದಾ? ಇಲ್ಲ. ಬಲವಂತದಿಂದ ಅಭ್ಯಾಸ ಬರುತ್ತದೆ, ಮಾತೂ ಬರಬಹುದು, ಅಕ್ಕರೆ ಬರುವುದಿಲ್ಲ. ಬೆಂಗಳೂರಿನ ಅಂಗಡಿ, ಆಟೋಗಳ ಮುಂದೆ ನಡೆಯುವ "ಕನ್ನಡ ಮಾತಾಡು" ಜಗಳದ ವಿಡಿಯೋಗಳನ್ನು ನೋಡಿದಾಗಲೆಲ್ಲ ನನಗೆ ಸ್ಕರಿ ನೆನಪಾಗುತ್ತಾನೆ. ಎದುರಿನವನ ದುರಹಂಕಾರಕ್ಕೆ ಸಿಟ್ಟು ಬರುವುದು ಸಹಜ, ನನಗೂ ಬರುತ್ತದೆ. ಆದರೆ ಕಾಲರ್ ಹಿಡಿದು ಹೇಳಿಸಿದ ಎರಡು ವಾಕ್ಯದಿಂದ ಕನ್ನಡಕ್ಕೆ ಒಬ್ಬ ಗೆಳೆಯನೂ ಹುಟ್ಟುವುದಿಲ್ಲ.

ಇದಕ್ಕೆ ಪೂರ್ತಿ ವಿರುದ್ಧದ ಇನ್ನೊಂದು ಹೆಸರು ಮ್ಯಾಕ್ಸ್ ಮುಲ್ಲರ್. ನಮ್ಮವರು ಜರ್ಮನ್ ಕಲಿಯಲಿಕ್ಕೆ ಬೆಂಗಳೂರಿನಲ್ಲಿ ಹೋಗುವುದು ಮ್ಯಾಕ್ಸ್ ಮುಲ್ಲರ್ ಭವನಕ್ಕೆ. ಆತ ಋಗ್ವೇದ ಸಂಪಾದಿಸಿದ, ಸಂಸ್ಕೃತದಲ್ಲಿ ಮುಳುಗಿದ, ಆದರೆ ಜೀವನದಲ್ಲಿ ಒಂದು ಸಲವೂ ಭಾರತಕ್ಕೆ ಕಾಲಿಡಲಿಲ್ಲ. ಕಾಲಿಡದೇ ಭಾಷೆ ಕಲಿತವನ ಹೆಸರಿನ ಕಟ್ಟಡದಲ್ಲಿ ಎ1 ಸರ್ಟಿಫಿಕೇಟ್ ತೆಗೆದುಕೊಂಡು, ಕಾಲಿಟ್ಟ ಮೇಲೆ ಭಾಷೆ ಬಿಡುವವರು ನಾವು.

"ನಮಗೆಲ್ಲಿದೆ ಟೈಮು?" ಅಂತ ಕೇಳುತ್ತೀರಿ. ಇಂಗ್ಲಿಷ್ ಮಾಧ್ಯಮದ ಎಂ.ಎಸ್., ಮೇಲೆ ಪಾರ್ಟ್ ಟೈಮ್ ಕೆಲಸ, ಲೋನಿನ ಚಿಂತೆ, ಫೋನಿನಲ್ಲಿ ಅನುವಾದ ಮಾಡುವ ಆ್ಯಪ್ ಬೇರೆ ಇದೆ. ಒಪ್ಪುತ್ತೇನೆ. ಎಲ್ಲರೂ ಕಿಟೆಲ್ ಆಗಬೇಕು ಅಂತ ನಾನು ಹೇಳುತ್ತಿಲ್ಲ. ಆ್ಯಪ್ ಕೆಲಸ ಮಾಡುತ್ತದೆ, ಔಷಧಿ ಅಂಗಡಿಯಲ್ಲಿ ನಾನೂ ಬಳಸಿದ್ದೇನೆ. ಆದರೆ ಆ್ಯಪ್ ನನಗೆ ಫೈಯರ್‌ಆಬೆಂಟ್ ಅನ್ನೋದನ್ನು 'ಕೆಲಸದ ನಂತರದ ಸಮಯ' ಅಂತ ಕೊಟ್ಟಿತು. ಅದರಲ್ಲಿ ಹಬ್ಬ ಇರಲಿಲ್ಲ. ಟೈಮ್ ಇಲ್ಲದವರು ಕಲಿಯದೇ ಇರಲಿ, ಅದು ತಪ್ಪಲ್ಲ. ವಾಪಸ್ ಬಂದು "ಆ ದೇಶ ನನ್ನ ಪ್ರಾಣ" ಅನ್ನುವ ಮುಂಚೆ ಮಾತ್ರ ವಸಿ ಯೋಚನೆ ಮಾಡಲಿ. "ಅಲ್ಲಿ ಅನುಕೂಲವಾಗಿತ್ತು" ಅಂದರೆ ಸಾಕು. ಅದು ನಿಜವೂ ಹೌದು.

ಈಗ ನಮ್ಮ ಕ್ಯಾಂಪಸ್ಸಿಗೆ ಬರೋಣ. ನಿಜ ಹೇಳಬೇಕೆಂದರೆ ಬೇಕರಿಯ ಕಥೆ ನನಗೆ ಪೂರ್ತಿ ಅರ್ಥ ಆದದ್ದು ಇಲ್ಲಿ, ನಮ್ಮ ಕ್ಯಾಂಟೀನಿನಲ್ಲಿ.

ನನ್ನ ವಿಂಗಿನಲ್ಲಿ ಬಿಹಾರದ ಒಬ್ಬ ಹುಡುಗ ಇದ್ದಾನೆ. ಬಂದ ಹೊಸದರಲ್ಲಿ ಕ್ಯಾಂಟೀನಿನಲ್ಲಿ ಧೈರ್ಯ ಮಾಡಿ "ಅಣ್ಣಾ, ಒಂದು ಟೀ ಕೊಡು, ಸಕ್ಕರೆ ಕಮ್ಮಿ" ಅಂದ. ಅವನ 'ಕಮ್ಮಿ' ಉಚ್ಚಾರಕ್ಕೆ ನಾವು ನಾಲ್ಕು ಜನ ಗೊಳ್ಳೆಂದು ನಕ್ಕೆವು. ದುರುದ್ದೇಶ ಇರಲಿಲ್ಲ, ತಮಾಷೆಗೆ ಅಷ್ಟೇ. ಆಮೇಲೆ ನಾವೇ ಅವನಿಗೋಸ್ಕರ ಹಿಂದಿಗೆ ತಿರುಗಿದೆವು. ಅವತ್ತಿನಿಂದ ಅವನು ಕನ್ನಡದಲ್ಲಿ ಕೇಳಲಿಲ್ಲ. ಮೂರು ವರ್ಷ ಆಯಿತು. ಈಗ ನಾವೇ ಹೇಳುತ್ತೇವೆ: "ನಾರ್ತ್‌ನವರು ನೋಡು, ಮೂರು ವರ್ಷ ಇದ್ದರೂ ಒಂದಕ್ಷರ ಕನ್ನಡ ಕಲಿಯಲ್ಲ."

ಬೇಕರಿಯಾಕೆ ಕೊನೇಪಕ್ಷ ನಕ್ಕಿರಲಿಲ್ಲ.

ವಿಟಿಯು ಇದಕ್ಕೆ ಅಂತಲೇ ಒಂದು ಕ್ರೆಡಿಟ್ಟಿನ ಪೇಪರ್ ಇಟ್ಟಿದೆ. ಕನ್ನಡ ಬರುವವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ'. ಒಳ್ಳೆಯ ಉದ್ದೇಶ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್ ವಾಟ್ಸ್ಯಾಪ್ ಗ್ರೂಪಿನಲ್ಲಿ ಏನು ಓಡಾಡುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಟಿಕ್ ಹಾಕುವ ಉತ್ತರಗಳ ಪಟ್ಟಿ. 'ಬಳಕೆ ಕನ್ನಡ' ಪಾಸಾದವನು ಬಸ್ಸಿನಲ್ಲಿ ಟಿಕೆಟ್ ಕೇಳಲಾರ. ಅವನದು ನನ್ನ ಎ1 ಇದ್ದ ಹಾಗೆ, ಫಾರಂ ತುಂಬಲಿಕ್ಕೆ. ಪೇಪರಿನ ಹೆಸರಲ್ಲಿರುವ 'ಬಳಕೆ' ಕ್ಲಾಸಿನಲ್ಲಿ ನಡೆಯುವುದಿಲ್ಲ; ಅದು ನಡೆಯಬೇಕಾದ್ದು ಮೆಸ್ಸಿನಲ್ಲಿ, ಕಾರಿಡಾರಿನಲ್ಲಿ, ನಮ್ಮ ಜೊತೆ. ಕಿಟೆಲ್‌ಗೆ ಹೇಳಿಕೊಟ್ಟ ಪಂಡಿತರ ಜಾಗದಲ್ಲಿ, ನನಗೆ ಹೇಳಿಕೊಟ್ಟ ಹೌಸ್‌ಮೈಸ್ಟರ್ ಜಾಗದಲ್ಲಿ ಇಲ್ಲಿ ನಿಂತಿರುವವರು ನಾವು. ನಾವು ಬಾಗಿಲು ಹಾಕಿಕೊಂಡು, ಅವನು ಜಗಲಿ ಮೇಲೇ ಕೂತಿದ್ದಾನೆ ಅಂತ ದೂರಿದರೆ ಹೇಗೆ?

ಇವನೂ ನಾಲ್ಕು ವರ್ಷ ಮುಗಿಸಿ ಹೋಗುತ್ತಾನೆ. ಪುಣೆಯಲ್ಲೋ ಗುರುಗ್ರಾಮದಲ್ಲೋ ಕೂತು "ಕರ್ನಾಟಕ ಚೆನ್ನಾಗಿತ್ತು, ಹವಾ ಸೂಪರ್, ದೋಸೆ ಸೂಪರ್" ಅನ್ನುತ್ತಾನೆ, ನಾನು ಜರ್ಮನಿ ಬಗ್ಗೆ ಹೇಳುತ್ತಿದ್ದ ಹಾಗೇ. ಅವನ ಬಾಯಲ್ಲಿ ಅಷ್ಟೇ ಉಳಿದರೆ ಅದರಲ್ಲಿ ಅರ್ಧ ಪಾಲು ನಮ್ಮದು.

ಹಾಗಾಗಿ ನನ್ನದು ಮೂರು ಸಣ್ಣ ಮಾತು. ಒಂದು, ಕನ್ನಡ ಬಾರದವರು ಕನ್ನಡದಲ್ಲಿ ಶುರು ಮಾಡಿದರೆ ನಾವು ಕನ್ನಡದಲ್ಲೇ ಉತ್ತರ ಕೊಡೋಣ. ನಿಧಾನವಾಗಿ, ಸಣ್ಣ ವಾಕ್ಯಗಳಲ್ಲಿ, ನಗದೆ. ಅವರಾಗಿ ಸಾಕು ಅನ್ನುವವರೆಗೆ ಭಾಷೆ ಬದಲಾಯಿಸುವುದು ಬೇಡ. ಎರಡು, ನಮ್ಮ ಕನ್ನಡ ಸಂಘ ರಾಜ್ಯೋತ್ಸವದ ದಿನ ಬಾವುಟ ಹಾರಿಸಿ, ಡಿಜೆ ಹಾಕುವುದರ ಜೊತೆಗೆ ವಾರಕ್ಕೊಂದು ಸಂಜೆ ಮೆಸ್ಸಿನ ಒಂದು ಟೇಬಲ್ಲನ್ನು ಕನ್ನಡ ಕಲಿಯುವವರಿಗೆ ಅಂತ ಇಡಲಿ. ಪುಸ್ತಕ ಬೇಕು ಅನ್ನುವವರಿಗೆ ರಾಬರ್ಟ್ ಝೈಡೆನ್‌ಬಾಸ್ ಅವರ ಕೈಪಿಡಿ ಇದೆ. ಅವರು ಮೈಸೂರಿನಲ್ಲಿ ವರ್ಷಗಟ್ಟಲೆ ಇದ್ದು ಕನ್ನಡ ಕಲಿತು, ಆಮೇಲೆ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಇಂಗ್ಲಿಷಿನ ಮೂಲಕ ಆಧುನಿಕ ಕನ್ನಡ ಕಲಿಸುವ ಅವರ ಪುಸ್ತಕ 2020ರಲ್ಲಿ ಹೈಡೆಲ್‌ಬರ್ಗ್‌ನಿಂದ ಬಂತು, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕಿಟೆಲ್ ಸತ್ತು ನೂರು ವರ್ಷ ದಾಟಿದ ಮೇಲೂ ಜರ್ಮನಿಯಿಂದ ಕನ್ನಡ ಕಲಿಸುವ ಪುಸ್ತಕ ಬರುತ್ತಿದೆ. ಪಕ್ಕದ ರೂಮಿನವನಿಗೆ ಹತ್ತು ವಾಕ್ಯ ಕಲಿಸುವುದು ನಮಗೆ ಭಾರವಾಗಬಾರದು. ಮೂರು, ಹೊರದೇಶಕ್ಕೆ ಹೋಗುವವರು ಹೋದ ಮೊದಲ ವಾರವೇ ಇಂಗ್ಲಿಷ್ ಬಾರದ ಒಬ್ಬ ಮನುಷ್ಯನನ್ನು ಹುಡುಕಿಕೊಳ್ಳಿ. ಎಲ್ಲ ಊರಲ್ಲೂ ಅಂಥವರು ಇರುತ್ತಾರೆ. ನನ್ನ ಹಾಗೆ ನಾಲ್ಕು ತಿಂಗಳು ಕಳೆಯಬೇಡಿ.

ನಾನು ಈಗ ಬಿ1ಗೆ ಓದುತ್ತಿದ್ದೇನೆ. ಯಾವ ಫಾರಂಗೂ ಬೇಕಾಗಿಲ್ಲ. ಪ್ಲೇಸ್‌ಮೆಂಟ್ ಟೈಮಲ್ಲಿ ಇದೆಲ್ಲ ಯಾಕೆ ಅಂತ ರೂಮ್‌ಮೇಟ್ ಬೈಯುತ್ತಾನೆ. ತಿಂಗಳಿಗೊಂದು ಸಲ ಹೌಸ್‌ಮೈಸ್ಟರ್‌ಗೆ ಜರ್ಮನ್‌ನಲ್ಲಿ ಕಾಗದ ಬರೆಯುತ್ತೇನೆ. ಅವರು ನನ್ನ ತಪ್ಪುಗಳಿಗೆ ಗೆರೆ ಎಳೆದು, ಅದೇ ಕಾಗದದ ಫೋಟೋ ತೆಗೆದು ವಾಪಸ್ ಕಳಿಸುತ್ತಾರೆ.

ಬಿಹಾರದ ಹುಡುಗನಿಗೆ ಹೋದ ವಾರ ಸಾರಿ ಹೇಳಿದೆ. ಅವನಿಗೆ ಆ ಟೀ ವಿಷಯ ಮರೆತೇಹೋಗಿತ್ತೋ, ಮರೆತ ಹಾಗೆ ಮಾಡಿದನೋ ಗೊತ್ತಿಲ್ಲ. ಸಂಕ್ರಾಂತಿಗೆ ಗೋವಿಂದನಹಳ್ಳಿಗೆ ಬಾ ಅಂತ ಕರೆದಿದ್ದೇನೆ. ದೇವಸ್ಥಾನ ತೋರಿಸಬೇಕು, ಅವರೆಕಾಳು ಸಾರು, ಮುದ್ದೆ ತಿನ್ನಿಸಬೇಕು. ಒಂದೇ ಷರತ್ತು ಹಾಕಿದ್ದೇನೆ: ಅಜ್ಜಿ ಹತ್ತಿರ ನೀರು ಅವನೇ ಕೇಳಬೇಕು, ಕನ್ನಡದಲ್ಲಿ. ಈಗ ದಿನಾ ಊಟಕ್ಕೆ ಹೋಗುವಾಗ ಆ ವಾಕ್ಯ ಪ್ರಾಕ್ಟೀಸ್ ಮಾಡುತ್ತಿದ್ದಾನೆ. 'ಕೊಡು' ಹೋಗಿ 'ಕೊಡ್ತೀರಾ' ಬಂದಿದೆ. 'ಅಮ್ಮ' ಅಲ್ಲ 'ಅಜ್ಜಿ' ಅಂತ ಹೇಳಿಕೊಟ್ಟಿದ್ದೇನೆ.

ಮಜ್ಜಿಗೆ ಸಿಗುತ್ತಾ ಇಲ್ವಾ, ಸಂಕ್ರಾಂತಿ ಆದಮೇಲೆ ಹೇಳ್ತೀನಿ.